ನಮ್ಮ ಪಾಲಿನ ಕೇದಗೆ

ತಿಪಟೂರಿನಿಂದ ಹುಳಿಯಾರಿನ ಕಡೆಗೆ ಹೋಗುವ ಬಸ್ಸು ನಮ್ಮೂರ ಹಳ್ಳದ ಸೇತುವೆಗೆ ಬಂದೊಡನೆ ಒಳಗೆ ಕುಳಿತವರು ಮಾತು ನಿಲ್ಲಿಸಿ ಕಿಟಕಿಯತ್ತ ಮುಖ ಮಾಡುತ್ತಿದ್ದ ಕಾಲವೊಂದಿತ್ತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ವರ್ಷಗಳು ಅವು. ಆಷಾಢದ ಗಾಳಿ ತಣಿದು ಶ್ರಾವಣದ ಜಿಟಿಮಳೆ ಹಿಡಿದರೆ ಹಳ್ಳದೊಳಗೆ ಕೇದಗೆ ಬಿಚ್ಚುತ್ತಿತ್ತು. ಬಿಚ್ಚಿದೆ ಎಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಅಟ್ಟದ ಮೇಲಿನ ಕೊಬ್ಬರಿಯ ಎಣ್ಣೆವಾಸನೆ, ಮಳೆಯಲ್ಲಿ ನೆನೆದ ತೆಂಗಿನ ಮಟ್ಟೆಯ ಕಮಟು, ಕೊಟ್ಟಿಗೆಯ ಗಂಜಲದ ಗಾಟು, ಇವೆಲ್ಲವನ್ನೂ ಪಕ್ಕಕ್ಕೆ ಸರಿಸಿಕೊಂಡು ಆ ಪರಿಮಳ ಊರೊಳಗೆ ಬರುತ್ತಿತ್ತು.

ಈ ಪರಿಮಳವನ್ನು ನೆನೆದು ಬರೆದವರೆಲ್ಲ ಸುಖದಿಂದ ಬರೆದಿದ್ದಾರೆ. ಅವರ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನಗೆ ಅದು ದಕ್ಕಲಿಲ್ಲ. ಕೇದಗೆಯ ವಾಸನೆ ಎಲ್ಲಿಂದಾದರೂ ತೇಲಿ ಬಂದರೆ ನನಗೆ ಇಂದಿಗೂ ಮೊದಲು ನೆನಪಾಗುವುದು ಹನ್ನೊಂದನೆಯ ವಯಸ್ಸಿನಲ್ಲಿ ನನ್ನ ಹೊಟ್ಟೆಯೊಳಗೆ ಎದ್ದಿದ್ದ ಉರಿ. ಏಕೆಂದರೆ ಆ ಪರಿಮಳ ನಮ್ಮದಾಗಿರಲಿಲ್ಲ. ಅದು ದೊಡ್ಡಪ್ಪನ ಮನೆಯದು. ಇನ್ನೂ ಸರಿಯಾಗಿ ಹೇಳುವುದಾದರೆ, ದೊಡ್ಡಪ್ಪನ ಮಗಳು ಸುಶೀಲಳ ಜಡೆಯದು.

ನಮ್ಮ ಅಪ್ಪ ಮತ್ತು ದೊಡ್ಡಪ್ಪ ಪಾಲಾದಾಗ ನಾನು ಇನ್ನೂ ತೊಟ್ಟಿಲಲ್ಲಿದ್ದೆನಂತೆ. ನಮ್ಮ ಸೀಮೆಯಲ್ಲಿ ಪಾಲು ಮಾಡುವ ಕ್ರಮವೊಂದಿದೆ: ಹಿರಿಯವನು ಆಸ್ತಿಯನ್ನು ಎರಡಾಗಿ ಭಾಗ ಮಾಡಬೇಕು, ಕಿರಿಯವನು ತನಗೆ ಬೇಕಾದ ಭಾಗವನ್ನು ಮೊದಲು ಆರಿಸಿಕೊಳ್ಳಬೇಕು. ಮಾಡುವವನು ವಂಚಿಸಲಾರ, ಆರಿಸುವವನು ದೂರಲಾರ ಎಂಬುದು ಅದರ ಹಿಂದಿನ ಲೆಕ್ಕ. ತೋಟ, ಹೊಲ, ಬಾವಿಯ ನೀರಿನ ಸರದಿ ಎಲ್ಲವೂ ಹಾಗೆಯೇ ಮುಗಿದು, ಕೊನೆಗೆ ಉಳಿದದ್ದು ತೋಟದ ಕೆಳಗಿನ ಹಳ್ಳ. ಹಳ್ಳದ ಈ ದಡದಲ್ಲಿ ಒಂದು ಕೇದಗೆಯ ಮೆಳೆ, ಆ ದಡದಲ್ಲಿ ಇನ್ನೊಂದು. ಈ ದಡದ್ದು ಆನೆಯಷ್ಟು ದೊಡ್ಡದು, ಬಿಳಲಿನಂಥ ಬೇರುಗಳನ್ನು ಊರಿಕೊಂಡು ನಿಂತದ್ದು. ಆ ದಡದ್ದು ಅದರ ಅರ್ಧವೂ ಇರಲಿಲ್ಲ. ಅಪ್ಪ ಎರಡು ಸಲ ಯೋಚಿಸದೆ ದೊಡ್ಡದನ್ನು ಆರಿಸಿಕೊಂಡರು.

ಆಮೇಲೆ ತಿಳಿಯಿತು: ಘಮಘಮಿಸುವ ಹೂವು ಬಿಡುವುದು ಸಣ್ಣ ಮೆಳೆ. ದೊಡ್ಡದರಲ್ಲಿ ಯಾವಾಗಲಾದರೊಮ್ಮೆ ಒಂದು ಹಸಿರು ಗಂಟು ಕಾಣಿಸಿ, ಕೆಂಪಾಗಿ, ಉದುರಿ, ಹಳ್ಳದ ನೀರಿನಲ್ಲಿ ಕೊಚ್ಚಿಹೋಗುತ್ತಿತ್ತು. ಊರು ಇದಕ್ಕೆ ಕಾರಣಗಳನ್ನು ಹುಡುಕಿತು. ಮುಂಚೆ ಎರಡೂ ಮೆಳೆಗಳು ಹೂ ಬಿಡುತ್ತಿದ್ದವು, ಕಿರಿಯವನು ಆಸೆಬುರುಕನಾಗಿ ದೊಡ್ಡದನ್ನು ಕೇಳಿದ್ದರಿಂದ ಮೆಳೆಯೊಳಗಿನ ನಾಗಪ್ಪ ಮುನಿದ, ಅವನ ಉಸಿರು ತಾಗಿ ಮೊಗ್ಗು ಗಂಟುಕಟ್ಟುತ್ತದೆ ಎಂದರು ಕೆಲವರು. ಅದು ಗಂಡು ಮೆಳೆ, ಹೆಣ್ಣು ಮಾತ್ರ ಹೂ ಬಿಡುತ್ತದೆ ಎಂದರು ಇನ್ನು ಕೆಲವರು. ಎರಡನ್ನೂ ಒಟ್ಟಿಗೆ ನಂಬುವವರಿಗೂ ಕೊರತೆಯಿರಲಿಲ್ಲ.

ಕೇದಗೆಯ ಗರಿಯನ್ನು ಜಡೆಗೆ ಹೆಣೆಯುವುದು ಸುಲಭವಲ್ಲ. ಗರಿಯ ಎರಡು ಅಂಚಿಗೂ, ಬೆನ್ನಿಗೂ ಗರಗಸದಂಥ ಮುಳ್ಳು. ಅವನ್ನು ಸವರಿ, ಗರಿಯನ್ನು ಒಂದರ ಮೇಲೊಂದು ಮಡಿಸಿ, ಜಡೆಯ ಉದ್ದಕ್ಕೂ ಸೂಜಿದಾರದಿಂದ ಹೊಲಿಯಬೇಕು. ಆ ಕೆಲಸದಲ್ಲಿ ದೊಡ್ಡಮ್ಮನ ಕೈ ನುರಿತದ್ದು. ಇಬ್ಬರು ಗಂಡುಮಕ್ಕಳ ಮೇಲೆ ಹುಟ್ಟಿದ ಒಬ್ಬಳೇ ಮಗಳೆಂದು ಅವರು ಸುಶೀಲಳ ಬೆನ್ನ ಹಿಂದೆ ಬೆಳಗಿನ ಹೊತ್ತೆಲ್ಲ ಕೂರುತ್ತಿದ್ದರು. ಒಂದು ಶ್ರಾವಣದಲ್ಲಿ ಅವಳನ್ನು ಹಾಗೆ ಸಿಂಗರಿಸಿ ತಿಪಟೂರಿನ ಸ್ಟುಡಿಯೋಗೆ ಕರೆದುಕೊಂಡು ಹೋಗಿ, ಹಿಂದೆ ಕನ್ನಡಿ ಇರಿಸಿ, ಮುಖವೂ ಜಡೆಯೂ ಒಟ್ಟಿಗೆ ಕಾಣುವಂತೆ ಫೋಟೋ ತೆಗೆಸಿಕೊಂಡು ಬಂದರು. ಆ ಫೋಟೋ ಅವರ ನಡುಮನೆಯ ಗೋಡೆ ಏರಿತು. ನಾನು ಮಜ್ಜಿಗೆ ಕೇಳಲು ಹೋದರೂ ಅದು, ಉಪ್ಪು ಕೇಳಲು ಹೋದರೂ ಅದು.

ನಾವಿಬ್ಬರೂ ಒಂದೇ ತರಗತಿ. ಶಾಲೆಯ ಚಾಪೆಯ ಮೇಲೆ ನಾನು ಅವಳ ಪಕ್ಕದಲ್ಲೇ ಕೂರುತ್ತಿದ್ದೆ. ಅವಳು ತಲೆ ಅಲುಗಿಸಿದಾಗಲೆಲ್ಲ ಗರಿಯ ಸಂದಿನಿಂದ ಸಣ್ಣ ಹಿಟ್ಟಿನಂಥ ಹಳದಿ ಧೂಳು ನನ್ನ ಸ್ಲೇಟಿನ ಮೇಲೆ ಉದುರುತ್ತಿತ್ತು.

“ಬೇಕಾದ್ರೆ ಮೂಸ್ಕೋ ಕಣೇ ರತ್ನಿ,” ಎನ್ನುತ್ತಿದ್ದಳು. “ಮುಟ್ಬ್ಯಾಡ ಅಷ್ಟೆ. ಬಾಡೋಯ್ತದೆ.”

“ನಂಗೇನೂ ಬ್ಯಾಡ. ಈ ವಾಸ್ನೆಗೆ ತಲೆನೋವು ಬತ್ತದೆ.”

“ಹೌದಾ? ಮತ್ಯಾಕೆ ನನ್ ಪಕ್ಕಾನೇ ಬಂದ್ ಕುಂತಿದೀಯ?”

ನಾನು ಸ್ಲೇಟಿನ ಮೇಲಿನ ಧೂಳನ್ನು ಒರೆಸುವಂತೆ ನಟಿಸಿ ಬೆರಳನ್ನು ಮೂಗಿನ ಬಳಿಗೆ ಒಯ್ಯುತ್ತಿದ್ದೆ.

ಕುಂಟೆಬಿಲ್ಲೆಯಲ್ಲಿ ನಾನು ಅವಳನ್ನು ಸೋಲಿಸುತ್ತಿದ್ದೆ. ಮಗ್ಗಿಯಲ್ಲಿ ನಾನೇ ಮುಂದು. ಮರದ ಅಳಗುಳಿಮಣೆಯ ಗುಳಿಗಳಲ್ಲಿ ಹುಣಸೆಬೀಜ ಹಂಚುವ ಆಟದಲ್ಲಿ ಅವಳ ಗುಳಿಗಳು ಸದಾ ಬರಿದಾಗುತ್ತಿದ್ದವು. ಇಷ್ಟೆಲ್ಲ ಗೆದ್ದರೂ, ಆಟ ಮುಗಿಸಿ ಎದ್ದು ಹೋಗುವಾಗ ಅವಳ ಬೆನ್ನ ಮೇಲೆ ಆ ಕೆನೆಬಣ್ಣದ ಜಡೆ ಅಲುಗಾಡುವುದನ್ನು ನೋಡಿದರೆ ಸೋತವಳು ನಾನೇ ಎಂಬುದು ಖಚಿತವಾಗುತ್ತಿತ್ತು. ಗೌರಿ ಹಬ್ಬಕ್ಕೆ ಹೊಸ ಲಂಗ ಬೇಡ, ಬಳೆ ಬೇಡ, ಒಂದೇ ಒಂದು ಸಲ ನಮ್ಮ ಮನೆಯ ಕೇದಗೆಯ ಜಡೆ ಹಾಕಿಕೊಂಡು ಅವಳ ಮುಂದೆ ಹಾಯ್ದರೆ ಸಾಕು ಎಂದು ನಾನು ದೇವರಲ್ಲಿ ಕೇಳಿಕೊಂಡಿದ್ದೆ. ನಮ್ಮ ಮನೆಯದೇ ಆಗಬೇಕು ಎಂಬುದನ್ನು ಒತ್ತಿ ಹೇಳಿದ್ದೆ.

ಆದರೂ ಒಮ್ಮೆ ತಡೆಯಲಾರದೆ, ಅಮ್ಮ ರಾಗಿ ಬೀಸುತ್ತಿದ್ದಾಗ ಹತ್ತಿರ ಹೋಗಿ ಕೇಳಿದೆ.

“ಅಮ್ಮ, ದೊಡ್ಡಮ್ಮನ್ನ ಒಂದೇ ಒಂದು ಗರಿ ಕೇಳ್ಲಾ?”

ಬೀಸುವ ಕಲ್ಲು ನಿಲ್ಲಲಿಲ್ಲ. “ಕೇಳು. ಕೇಳಿ ಅಲ್ಲೇ ಇದ್ಬುಡು. ಈ ಕಡೆ ಬರಬ್ಯಾಡ.”

ಸ್ವಲ್ಪ ಹೊತ್ತು ಬೀಸಿದ ಮೇಲೆ ಅವರೇ ಮತ್ತೆ ಹೇಳಿದರು, “ನಮ್ದೂ ಬಿಡ್ತದೆ ಕಣೇ. ಅಷ್ಟು ದೊಡ್ಡ ಮೆಳೆ ಸುಮ್ಕೆ ನಿಂತಿರ್ತದಾ?”

ಅಮ್ಮನಿಗೂ ಹೊಟ್ಟೆ ಉರಿಯುತ್ತಿತ್ತು. ಮೂವರು ಹೆಣ್ಣುಮಕ್ಕಳ ತಾಯಿ ಅವರು, ನಾನು ಮೊದಲನೆಯವಳು. ದೊಡ್ಡಮ್ಮ ತಮ್ಮ ಸೀರೆಯ ಟ್ರಂಕಿನಲ್ಲಿ ಒಣಗಿದ ಕೇದಗೆಯ ಗರಿ ಇರಿಸುತ್ತಿದ್ದುದರಿಂದ, ಯಾರ ಮನೆಯ ಮದುವೆಯಲ್ಲಾದರೂ ಅವರು ಬಂದು ಕುಳಿತರೆ ಹೆಂಗಸರೆಲ್ಲ “ಬಂದ್ರು ನೋಡ್ರೇ” ಎಂದು ತಿರುಗುತ್ತಿದ್ದರು. ಅಮ್ಮನ ಸೀರೆಯಲ್ಲಿ ನುಸಿಗುಳಿಗೆಯ ವಾಸನೆ. ಹೊಳೆದಂಡೆ, ಬಾವಿಕಟ್ಟೆ, ಎಲ್ಲಿ ನಿಂತರೂ ಅಮ್ಮ ಒಂದು ಮಾರು ಹಿಂದೆ ನಿಲ್ಲುತ್ತಿದ್ದುದನ್ನು ನಾನು ಕಂಡಿದ್ದೆ. ಹಳ್ಳಕ್ಕೆ ಬಟ್ಟೆ ಒಗೆಯಲು ಹೋದಾಗ ಅವರು ಎರಡು ಮೆಳೆಗಳನ್ನೂ ಬಹಳ ಹೊತ್ತು ನೋಡುತ್ತಿದ್ದರು. ಮೊದಲು ಆ ದಡದ್ದನ್ನು, ಆಮೇಲೆ ನಮ್ಮದನ್ನು.

ಕಾಯಿ ಬಿಡದ ಹುಣಸೆಯನ್ನೋ ಹಲಸನ್ನೋ ಹೆದರಿಸುವ ಪದ್ಧತಿ ನಮ್ಮ ಕಡೆ ಇತ್ತು. ಒಬ್ಬರು ಕೊಡಲಿ ಎತ್ತಿ ಮರವನ್ನು ಗದರಬೇಕು, ಇನ್ನೊಬ್ಬರು ಮರದ ಹಿಂದೆ ಅಡಗಿ ಮರದ ಪರವಾಗಿ ಬೇಡಿಕೊಳ್ಳಬೇಕು. ಹೆದರಿದ ಮರ ಮುಂದಿನ ವರ್ಷ ತಪ್ಪದೆ ಬಿಡುತ್ತದೆ ಎಂಬ ನಂಬಿಕೆ. ಹಾಗೆ ಬಿಟ್ಟ ಮರವನ್ನು ಕಂಡವರು ಬಹಳ ಮಂದಿ. ಬಿಡದ ಮರಗಳನ್ನು ಯಾರೂ ನೆನಪಿಟ್ಟುಕೊಂಡಿರಲಿಲ್ಲ ಎಂಬುದು ನನ್ನ ಗುಮಾನಿ. ಏನೇ ಇರಲಿ, ಆ ವರ್ಷದ ಗೌರಿಯೂ ಸುಶೀಲಳ ಜಡೆಯ ಹಿಂದೆಯೇ ಕಳೆದುಹೋದ ಮೇಲೆ, ಅಪ್ಪ ಮಚ್ಚು ಹಿಡಿದು ನನ್ನನ್ನು ಹಳ್ಳಕ್ಕೆ ಕರೆದುಕೊಂಡು ಹೋದರು. ನನ್ನನ್ನು ಮೆಳೆಯ ಹಿಂದೆ ನಿಲ್ಲಿಸಿ, ತಾವು ಮುಂದೆ ನಿಂತು ಕೂಗಿದರು.

“ಏನೇ ಕೇದಗೆ, ನೀರು ಕುಡ್ಕಂಡು ಗಟ್ಟಿಯಾಗಿ ಕುಂತಿದೀಯ. ಬರೋ ವರ್ಷ ಹೂ ಬಿಡ್ತೀಯೋ ಇಲ್ವೋ? ಇಲ್ದಿದ್ರೆ ಬುಡ ಸಮೇತ ಕಡಿದು ಬಿಸಾಕ್ತೀನಿ.”

“ಬ್ಯಾಡ ಕಣಪ್ಪ, ಕಡೀಬ್ಯಾಡ. ಬರೋ ವರ್ಷ ಬಿಡ್ತೀನಿ,” ಎಂದೆ ನಾನು, ಹೇಳಿಕೊಟ್ಟಿದ್ದಂತೆ.

ಪದ್ಧತಿಯ ಪ್ರಕಾರ ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಪ್ಪನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಊರ ಮಾತು ಅವರ ಕಿವಿಗೂ ಬೀಳುತ್ತಿತ್ತಲ್ಲ.

“ಸುಳ್ ಹೇಳ್ತೀಯ ನೀನು. ಹೋದ್ ವರ್ಷಾನೂ ನಂಬಿಸ್ದೆ.”

“ಇಲ್ಲ, ಆಣೆಗೂ ಬಿಡ್ತೀನಿ.”

“ಯಾರ್ ಆಣೆ?”

ನಾನು ಯೋಚಿಸಿದೆ. ಅಮ್ಮನ ಆಣೆ ಇಡುವಂತಿಲ್ಲ, ದೇವರ ಆಣೆ ಇಟ್ಟರೆ ಬೈಗುಳ. “ರತ್ನನ ಆಣೆ,” ಎಂದೆ.

ಮೆಳೆಯ ಆಚೆ ಅಪ್ಪ ಗಹಗಹಿಸಿ ನಕ್ಕರು. ಮಚ್ಚಿನಿಂದ ಒಂದು ಎಲೆಯನ್ನು ಸುಮ್ಮನೆ ಕತ್ತರಿಸಿ, “ಆಯ್ತು ಬುಡು, ಜಾಮೀನು ಗಟ್ಟಿ ಐತೆ. ಬರೋ ಗೌರಿಗೆ ನೋಡಾನ. ಆಗ್ಲೂ ಬಿಡ್ಲಿಲ್ಲ ಅಂದ್ರೆ ಮಾತ್ರ ಉಳ್ಸಲ್ಲ,” ಎಂದರು. ಅವರಿಗೆ ಅದು ನಗೆ. ನನಗೆ ಅಂದಿನಿಂದ ಆ ಮೆಳೆಯ ಪ್ರಾಣ ನನ್ನ ಕುತ್ತಿಗೆಗೆ ಕಟ್ಟಿದಂತಾಯಿತು. ಅದು ಹೂ ಬಿಡದಿದ್ದರೆ ನನಗೆ ಜಡೆಯೂ ಇಲ್ಲ, ಮುಂದೆಂದಾದರೂ ಬಿಟ್ಟೀತೆಂಬ ಆಸೆಯೂ ಇಲ್ಲ.

ಆ ವರ್ಷ ನಾನು ಶಾಲೆಯಿಂದ ಬರುವಾಗ ಹಳ್ಳಕ್ಕಿಳಿಯದ ದಿನ ಕಡಿಮೆ. ಕೇದಗೆಯ ಮೆಳೆಯ ತುಂಬ ನಾಗರ ಇರುತ್ತದೆ, ವಾಸನೆಗೆ ಬಂದು ಸುತ್ತಿಕೊಳ್ಳುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ನಾನು ಕಂಡದ್ದು ಇಲಿಗಳನ್ನು, ಒಂದು ಕೆಂಬೂತದ ಜೋಡಿಯನ್ನು, ಒಮ್ಮೆ ಒಂದು ಓತಿಕ್ಯಾತವನ್ನು. ಹಾವು ಇರಲೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಹಾವಿನ ಕಥೆ ಹೇಳಿದವರಲ್ಲಿ ಒಬ್ಬರೂ ಮೆಳೆಯ ಹತ್ತಿರ ಹೋದವರಲ್ಲ ಎಂಬುದನ್ನು ಅಂದೇ ಗಮನಿಸಿದ್ದೆ. ಸುಳ್ಳುಸಾಕ್ಷಿ ಹೇಳಿ ಶಿವನ ಶಾಪಕ್ಕೆ ಗುರಿಯಾದ ಹೂವು ಇದು ಎಂಬ ಪುರಾಣವನ್ನೂ ಅಜ್ಜಿ ಹೇಳಿದ್ದರು. ಹೂವು ಸಾಕ್ಷಿ ಹೇಳಿದ್ದನ್ನು ಕೇಳಿದವರು ಯಾರು ಎಂದು ಕೇಳಿ ತಲೆಗೆ ಮೊಟಕಿಸಿಕೊಂಡಿದ್ದೆ.

ಶ್ರಾವಣ ಬಂತು. ಒಂದು ಸಂಜೆ ನಮ್ಮ ಮೆಳೆಯ ನೆತ್ತಿಯಲ್ಲಿ, ಎಲೆಗಳು ಕೂಡುವ ಜಾಗದಲ್ಲಿ, ಬಿಳಿಚಿದ ಎಳೆಗರಿಗಳು ಒಟ್ಟಿಗೆ ಮುಚ್ಚಿಕೊಂಡು ಏನನ್ನೋ ಕಾಯುತ್ತಿರುವುದು ಕಂಡಿತು. ನಾನು ಓಡಿದ ಓಟಕ್ಕೆ ಚೀಲದಲ್ಲಿದ್ದ ಸ್ಲೇಟು ಬಿರುಕು ಬಿಟ್ಟಿತು. ಅಪ್ಪ ಬಂದು ನೋಡಿ, “ಹೆದರೈತೆ ಕಣಮ್ಮಿ,” ಎಂದು ಮೀಸೆ ತಿರುವಿದರು. ಅಮ್ಮ ಆ ದಿನ ಒಂದು ಲೋಟ ಹಾಲನ್ನು ಮೆಳೆಯ ಬುಡಕ್ಕೆ ಸುರಿದು ಬಂದರು.

ಮರುದಿನ ಶಾಲೆಯಲ್ಲಿ ನಾನು ಸುಶೀಲಳ ಪಕ್ಕ ಕೂರಲಿಲ್ಲ, ಎದುರಿಗೆ ಕುಳಿತೆ.

“ಈ ಗೌರಿಗೆ ನಂದೂ ಕೇದಗೆ ಜಡೆ.”

“ನಮ್ಮಮ್ಮ ಕೊಡಲ್ಲ.”

“ನಿಮ್ಮಮ್ಮನ್ನ ಯಾರ್ ಕೇಳಿದ್ರು? ನಮ್ ಮೆಳೇಲಿ ಮೊಗ್ಗು ಬಂದೈತೆ. ನಿಮ್ದಕ್ಕಿಂತ ದೊಡ್ಡದು.”

ಸುಶೀಲಳ ಮುಖ ಆಗ ಸಣ್ಣಗಾದದ್ದನ್ನು ನಾನು ನೋಡಿದೆ. ತುಟಿಯ ಒಂದು ತುದಿ ಕೆಳಗಿಳಿಯಿತು. ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಹಿಡಿದಳು. ಆ ಒಂದು ಕ್ಷಣ ನನಗೆ ಕೊಟ್ಟ ಆನಂದವನ್ನು ಆಮೇಲೆ ಯಾವ ಹಬ್ಬವೂ, ಯಾವ ಒಡವೆಯೂ ಕೊಟ್ಟಿಲ್ಲ. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ಗೌರಿಯ ಹಿಂದಿನ ದಿನ. ಮನೆಯಲ್ಲಿ ಕಾಯಿಹೂರಣ ಬೇಯುತ್ತಿದ್ದ ವಾಸನೆಯನ್ನು ಬಿಟ್ಟು ನಾವೆಲ್ಲ ಹಳ್ಳಕ್ಕಿಳಿದೆವು. ಆ ದಡದಲ್ಲಿ ದೊಡ್ಡಮ್ಮ ಮತ್ತು ಸುಶೀಲ ತಮ್ಮ ಹೂವು ಕೀಳಿಸಿಕೊಳ್ಳಲು ಮೊದಲೇ ಬಂದಿದ್ದರು. ಅಪ್ಪ ದೋಟಿಯ ಕೊಕ್ಕೆಯಿಂದ ನಮ್ಮ ಮೆಳೆಯ ನೆತ್ತಿಯನ್ನು ಬಗ್ಗಿಸಿ, ಗರಿಗಳ ಆ ಕಟ್ಟನ್ನು ಕೊಯ್ದು ಕೆಳಗಿಳಿಸಿದರು. ನಾನು ಮೂಗು ಮುಂದೆ ಮಾಡಿ ನಿಂತೆ. ವಾಸನೆ ಇಲ್ಲ. ಬಿಚ್ಚಿದ ಮೇಲೆ ಬರುತ್ತದೆ ಎಂದುಕೊಂಡೆ. ಅಪ್ಪ ಒಂದೊಂದೇ ಗರಿ ಸುಲಿದರು. ಒಳಗೆ ಇದ್ದದ್ದು ಹಸಿರು, ಗಂಟುಗಂಟಾದ, ಹಲಸಿನ ಮಿಡಿಯಂಥ ಒಂದು ಉಂಡೆ.

ಮೊದಲು ನಕ್ಕವಳು ಸುಶೀಲ. ಆಮೇಲೆ ದೊಡ್ಡಮ್ಮನ ಧ್ವನಿ ನೀರಿನ ಮೇಲೆ ಹಾಯ್ದು ಅಮ್ಮನ ಕಡೆಗೆ ಬಂತು.

“ಏನ್ ಜಯಮ್ಮ, ನಿಮ್ ಕೇದಗೆ ಹಲಸಿನ ಮಿಡಿ ಬಿಟ್ಟೈತಲ್ಲ! ಹುಳಿಗೆ ಹಾಕ್ಕೊಂಡು ಉಣ್ಣಿ. ಗಂಡು ಮೆಳೆ ಅಂತ ಊರೇ ಹೇಳ್ತಿತ್ತು. ಮನೇಲಿ ಗಂಡಿಲ್ಲ ಅಂತ ಕೊರಗ್ತಿದ್ರಿ, ದೇವರು ಹಳ್ಳದಾಗೆ ಕೊಟ್ಟವ್ನೆ ಬುಡು.”

ಅಪ್ಪ ಉಂಡೆಯನ್ನು ಅಮ್ಮನ ಕೈಗೆ ತುರುಕಿ, ಮಚ್ಚು ತೆಗೆದುಕೊಂಡು ಮೆಳೆಯ ಬುಡಕ್ಕೆ ನಡೆದರು. ಮೊದಲ ಏಟಿಗೆ ಒಂದು ಬಿಳಲುಬೇರು ತುಂಡಾಗಿ ನೀರಿಗೆ ಬಿತ್ತು. ಎರಡನೆಯದಕ್ಕೆ ಕೈ ಎತ್ತಿದ್ದರು.

“ನಿಲ್ಸಿ,” ಎಂದರು ಅಮ್ಮ. “ಇದೇನು ಅಂತ ಸರ್ಯಾಗಿ ನೋಡಿ ಮೊದ್ಲು.”

“ನೋಡೋದೇನೈತೆ? ಕೆಟ್ಟ ಮೊಗ್ಗು.”

“ಕೆಟ್ಟ ಮೊಗ್ಗಿಗೆ ತೊಳೆ ಇರ್ತದಾ? ಕಾಯಿ ಇದು. ನಮ್ ಹಿತ್ಲಾಗಿನ ಪರಂಗಿ ನೋಡಿಲ್ವಾ ನೀವು? ಬರೀ ಹೂ ಬಿಟ್ಟು ಉದುರಿಸೋದು ಗಂಡು. ಕಾಯಿ ಕಟ್ಟೋದು ಹೆಣ್ಣು. ಇದು ಹೆಣ್ಣು ಕಣ್ರೀ. ಗಂಡು ಆ ದಡದಾಗಿರೋದು.”

ಆ ದಡದಲ್ಲಿ ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು.

“ಅಯ್ಯೋ, ಹೊಟ್ಟೆಕಿಚ್ಚು ಏನೇನ್ ಮಾತಾಡುಸ್ತದೆ ನೋಡ್ರಪ್ಪ! ಘಮ್ ಅನ್ನೋ ಹೂವು ಗಂಡಂತೆ!”

“ಹೊಟ್ಟೆಕಿಚ್ಚು ಐತೆ ಅಕ್ಕ. ಇಲ್ಲ ಅಂದೋರ್ಯಾರು?” ಎಂದರು ಅಮ್ಮ. ಅವರು ಧ್ವನಿ ಏರಿಸಿರಲಿಲ್ಲ. “ಅದ್ಕೇ ದಿನಾ ನೋಡ್ತೀನಿ ಎರಡನ್ನೂ. ನೋಡಿದ್ನೇ ಹೇಳಿದ್ದು.”

ಆಮೇಲೆ ಅಪ್ಪನ ಕಡೆ ತಿರುಗಿದರು. “ಕಾಯಿ ಕಟ್ಟಿರೋದನ್ನ ಕಡಿಯೋ ಕೈನಾ ನಿಮ್ದು? ಹಂಗಿದ್ರೆ ಕಡೀರಿ, ನಾನ್ ಅಡ್ಡ ಬರಲ್ಲ.”

ಹೊರಗಿನವರಿಗೆ ಈ ಮಾತಿನ ತೂಕ ಹೇಗೆ ತಿಳಿದೀತು? ನಮ್ಮದು ತೆಂಗಿನ ಸೀಮೆ. ಫಲ ಬಿಡುವ ಮರ ಸೂರಿನ ಮೇಲೆ ವಾಲಿಕೊಂಡರೆ ಸೂರನ್ನು ಕತ್ತರಿಸುತ್ತೇವೆ, ಮರವನ್ನಲ್ಲ. ಗೋಡೆಯ ನಡುವೆ ತೆಂಗು ಎದ್ದು ಹೋಗಿರುವ ಮನೆಗಳು ಈಗಲೂ ಹೊನ್ನವಳ್ಳಿಯಲ್ಲಿ ನೋಡಸಿಗುತ್ತವೆ. ಅಪ್ಪ ಆ ಉಂಡೆಯನ್ನು ಮತ್ತೆ ಕೈಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ಅದರ ತೊಳೆಗಳನ್ನು ಒತ್ತಿ ನೋಡಿದರು. ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರನ್ನೂ ನೋಡದೆ ದಡ ಹತ್ತಿಹೋದರು.

ಮೆಳೆ ಉಳಿಯಿತು. ನನಗೆ ಸಮಾಧಾನವಾಗಲಿಲ್ಲ. ಅಮ್ಮನ ಸೆರಗು ಹಿಡಿದೆಳೆದು ಅತ್ತೆ.

“ಹೆಣ್ಣೋ ಗಂಡೋ ಯಾರಿಗ್ ಬೇಕಿತ್ತಮ್ಮ? ನಂಗೆ ಹೂ ಬೇಕಿತ್ತು. ಹೂ!”

“ನಂಗೂ ಅದೇ ಬೇಕಿತ್ತು ಕಣೇ,” ಎಂದರು ಅಮ್ಮ. “ಇದು ಅದಲ್ಲ. ಏನ್ ಮಾಡಾನ?”

ಹಬ್ಬದ ಬೆಳಿಗ್ಗೆ ಸುಶೀಲ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಬಾಳೆಲೆಯ ಪೊಟ್ಟಣ. ಹಬ್ಬದ ದಿನ ಅಳುವ ಹುಡುಗಿ ಮನೆಯ ಪಕ್ಕದಲ್ಲಿ ಇರಬಾರದು ಎಂದು ದೊಡ್ಡಮ್ಮ ಕೊಟ್ಟುಕಳಿಸಿದ್ದರು.

“ಅಮ್ಮ ಕೊಟ್ ಬಾ ಅಂದ್ರು. ನಂಗೇನೂ ಇಷ್ಟ ಇರ್ಲಿಲ್ಲ,” ಎಂದು ಹೇಳಿ, ಅದನ್ನು ಹೊಸ್ತಿಲ ಮೇಲಿಟ್ಟು ಓಡಿದಳು.

ಪೊಟ್ಟಣದಲ್ಲಿದ್ದದ್ದು ಕೇದಗೆಯೇ. ಆದರೆ ಹೊರಗಿನ ಗರಿಗಳು. ಕೇದಗೆಯ ಒಳಗರಿ ಬೆಣ್ಣೆಯಂಥದ್ದು, ಪರಿಮಳವೆಲ್ಲ ಅಲ್ಲೇ. ಹೊರಗರಿ ಒರಟು, ಅರ್ಧ ಹಸಿರು, ಕಂಪು ಕಡಿಮೆ, ಮುಳ್ಳು ಹೆಚ್ಚು. ಅಮ್ಮ ನೋಡಿದರು, ಅವರಿಗೂ ತಿಳಿಯಿತು. ಬೇಡವೆನ್ನುತ್ತಾರೆ ಎಂದುಕೊಂಡೆ. ಅವರು ಕತ್ತರಿ ತಂದು ಕುಳಿತು, ಮುಳ್ಳು ಸವರಿ, ಸಿಕ್ಕಷ್ಟನ್ನು ನನ್ನ ಜಡೆಗೆ ಹೊಲಿದರು. ಮೂರು ಕಡೆ ಅವರ ಬೆರಳಿನಿಂದ ರಕ್ತ ಬಂತು.

ಹಾಗೆ ನಾನು ಬಯಸಿದ್ದ ಜಡೆ ನನ್ನ ಬೆನ್ನಿಗೆ ಬಂತು. ಗೌರಿಯ ಮುಂದೆ ಬಾಗಿನ ಹಿಡಿದು ಕುಳಿತಾಗ ಪಕ್ಕದಲ್ಲಿ ಸುಶೀಲ. ಅವಳ ಜಡೆಯ ಪರಿಮಳದಲ್ಲಿ ನನ್ನದು ಎಲ್ಲೋ ಅಡಗಿಹೋಗಿತ್ತು. ಜಡೆ ಇಲ್ಲದಾಗ ಇದ್ದದ್ದಕ್ಕಿಂತ ಹೆಚ್ಚಿನ ಅಸೂಯೆಯನ್ನು ನಾನು ಆ ದಿನ, ಜಡೆ ಹಾಕಿಕೊಂಡು, ಅನುಭವಿಸಿದೆ. ಅವಳು ಮುಡಿದದ್ದು ಹೂವು. ನಾನು ಮುಡಿದದ್ದು ಅದರ ಸಿಪ್ಪೆ.

ನನ್ನ ಓದು ಏಳನೆಯ ತರಗತಿಗೆ ನಿಂತಿತು. ಆಮೇಲಿನದನ್ನು ನಾನೇ ಓದಿಕೊಂಡೆ. ಮದುವೆಯಾಗಿ ಹೊನ್ನವಳ್ಳಿಗೆ ಬಂದ ಮೇಲೆ ಗ್ರಂಥಾಲಯದಿಂದ ತರಿಸಿ, ಮಕ್ಕಳ ಪಠ್ಯಪುಸ್ತಕಗಳನ್ನು ಅವರು ಮಲಗಿದ ಮೇಲೆ ತಿರುವಿ, ಅರ್ಥವಾಗದ್ದನ್ನು ಮತ್ತೆ ಮತ್ತೆ ಓದಿ. ಗಿಡಮರಗಳ ಒಂದು ಹಳೆಯ ಪುಸ್ತಕದಲ್ಲಿ ಕೇದಗೆಯ ಪುಟ ಸಿಕ್ಕಿದಾಗ ಒಲೆಯ ಮೇಲಿದ್ದ ಹಾಲು ಉಕ್ಕಿಹೋಯಿತು. ಕೇದಗೆಯಲ್ಲಿ ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ. ಪರಿಮಳದ ಹೂವು ಗಂಡಿನದು. ಹೆಣ್ಣಿನದು ಹಲಸಿನಂಥ ಕಾಯಿ. ಅಮ್ಮ ಅಂದು ಹಳ್ಳದಲ್ಲಿ ಹೇಳಿದ್ದು ಅಕ್ಷರಕ್ಷರವೂ ಅಲ್ಲಿತ್ತು. ಊರು ಅದನ್ನು ಹೊಟ್ಟೆಕಿಚ್ಚಿನ ಮಾತೆಂದು ನಕ್ಕು ಬಿಟ್ಟಿತ್ತು. ಹೊಟ್ಟೆಕಿಚ್ಚಿನ ಮಾತೇ ಅದು, ನಾನು ಒಪ್ಪುತ್ತೇನೆ. ಆದರೆ ತೃಪ್ತರಾದವರು ಹೂವನ್ನು ಮುಡಿದು ಮರೆಯುತ್ತಾರೆ. ಇಲ್ಲದವರು ಮಾತ್ರ ಇರುವವರ ಮೆಳೆಯನ್ನೂ ತಮ್ಮ ಮೆಳೆಯನ್ನೂ ದಿನವೂ ಹೋಲಿಸಿ ನೋಡುತ್ತಾರೆ. ಅಸೂಯೆ ಕಣ್ಣನ್ನು ಕುರುಡು ಮಾಡುತ್ತದೆ ಎಂದು ಉಪದೇಶಿಸುವವರ ಮಾತನ್ನು ನಾನು ಅಂದಿನಿಂದ ನಂಬುವುದನ್ನು ಬಿಟ್ಟಿದ್ದೇನೆ.

ಊರಿಗೆ ಹೋದಾಗ ಹಣ್ಣುಹಣ್ಣಾಗಿದ್ದ ಅಜ್ಜಿಯನ್ನು ಕೇಳಿದೆ. ಪಾಲಿಗೆ ಮುಂಚೆ ಎರಡೂ ಮೆಳೆಗಳು ಹೂ ಬಿಡುತ್ತಿದ್ದವು ಎನ್ನುತ್ತಾರಲ್ಲ, ನೀವು ಕಂಡಿದ್ದಿರಾ ಎಂದು. ಅಜ್ಜಿ ಎಲೆಯಡಿಕೆಯನ್ನು ದವಡೆಗೆ ಸರಿಸಿ ಹೇಳಿದರು:

“ಯಾವ್ ಮೆಳೇದು ಅಂತ ಯಾರ್ ನೋಡಿದ್ರವ್ವ? ಮನೆ ಒಂದೇ ಇತ್ತು. ಹೂವು ಮನೆಗೆ ಬತ್ತಿತ್ತು.”

ಸಂಶಯಪಡುವುದು ನನ್ನ ಸ್ವಭಾವವಾದ್ದರಿಂದ ಪುಸ್ತಕವನ್ನೂ ಸುಮ್ಮನೆ ಒಪ್ಪಲಿಲ್ಲ. ಗಂಡುಹೂವಿನ ಧೂಳು ಗಾಳಿಯಲ್ಲಿ ಬಂದು ಹೆಣ್ಣಿಗೆ ತಾಗಿದರೆ ಕಾಯಿಯಾಗುತ್ತದೆ ಎಂದು ಅದು ಹೇಳುತ್ತಿತ್ತು. 'ಧೂಳಿಲ್ಲದೆಯೂ ಕಾಯಿ ಕಟ್ಟುವ ಕೇದಗೆಗಳಿವೆ' ಎಂದಿತು ಇನ್ನೊಂದು. ನಮ್ಮ ಮೆಳೆಯ ಕಾಯಿಗೆ ದೊಡ್ಡಪ್ಪನ ಮೆಳೆಯ ಋಣವಿತ್ತೋ ಇಲ್ಲವೋ? ಅದನ್ನು ತೀರ್ಮಾನಿಸಲು ಪುಸ್ತಕ ಸಾಲದು, ಎರಡು ಮೆಳೆಗಳನ್ನೂ ನಾನು ಒಂದು ವರ್ಷ ಕುಳಿತು ನೋಡಬೇಕಿತ್ತು. ಆದರೆ ಅಷ್ಟರಲ್ಲಿ ನೋಡಲು ಹಳ್ಳವೇ ಉಳಿಯಲಿಲ್ಲ. ಸುಶೀಲಳ ಅಣ್ಣಂದಿರೂ ನಮ್ಮ ಪಾಲನ್ನು ನೋಡಿಕೊಳ್ಳುತ್ತಿದ್ದ ನನ್ನ ತಂಗಿಯ ಗಂಡನೂ ಒಂದಾಗಿ ಜೆಸಿಬಿ ತರಿಸಿ, ಎರಡು ದಡಗಳನ್ನೂ ಕೆಡವಿ, ಹಳ್ಳವನ್ನು ಮುಚ್ಚಿ, ತೆಂಗಿನ ಸಸಿ ಇಟ್ಟರು. ಪಾಲಾದ ದಿನದಿಂದ ಒಂದಾಗದ ಎರಡು ಮನೆಗಳು ಒಂದಾದದ್ದು ಆ ಕೆಲಸಕ್ಕೆ. ನಾನು ಹೋದಾಗ ಮೆಳೆಗಳೆರಡೂ ಒಂದೇ ರಾಶಿಯಾಗಿ ಬಿದ್ದಿದ್ದವು. ಯಾವುದು ಯಾವ ದಡದ್ದೆಂದು ಗುರುತು ಹಿಡಿಯಲಾರದೆ, ಕೈಗೆ ಸಿಕ್ಕ ಒಂದು ಕಂದನ್ನು ಗೋಣಿಯಲ್ಲಿ ಸುತ್ತಿ ತಂದು ಹೊನ್ನವಳ್ಳಿಯ ನಮ್ಮ ಹಿತ್ತಲಿನ ಬಚ್ಚಲುನೀರಿಗೆ ನೆಟ್ಟೆ.

ಕೇದಗೆ ಆತುರದ ಗಿಡವಲ್ಲ. ಗಂಡೋ ಹೆಣ್ಣೋ, ನಮ್ಮದೋ ಅವರದೋ ಎಂದು ತಿಳಿಯದೆ ವರ್ಷಗಟ್ಟಲೆ ನೀರು ಬಿಟ್ಟೆ. ಈಚಿನ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದಾಗ ತಿಳಿಯಿತು. ನೋಡಬೇಕಾಗಿಯೂ ಇರಲಿಲ್ಲ, ಪರಿಮಳ ಮೂಗಿಗೆ ಬಂದಿತ್ತು.

ಈಗ ಯಾವ ಹಬ್ಬಕ್ಕೂ ಯಾವ ಹುಡುಗಿಯೂ ಕೇದಗೆಯ ಜಡೆ ಕೇಳುವುದಿಲ್ಲ. ಮದುವೆಯ ಹೆಣ್ಣಿನ ಜಡೆ ಪೆಟ್ಟಿಗೆಯಲ್ಲಿ ಬರುತ್ತದೆ. ಎಲ್ಲರದೂ ಒಂದೇ ಬಗೆ. ಒಬ್ಬಳು ಇನ್ನೊಬ್ಬಳ ಬೆನ್ನನ್ನು ತಿರುಗಿ ನೋಡಬೇಕಾದ ಅಗತ್ಯವಿಲ್ಲ. ಹಾಗಾಗಿ ನಾನೇ ಆ ಹೂವನ್ನು ಕೊಯ್ದು, ಹೊರಗರಿಗಳನ್ನು ಹಸುವಿನ ಮುಂದೆ ಹಾಕಿ, ಬೆಣ್ಣೆಯಂಥ ಒಳಗರಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ನನ್ನ ತೆಳುವಾದ ತುರುಬಿಗೆ ಒಂದು ಗರಿ ಸಾಕಾಯಿತು. ಇಷ್ಟು ವರ್ಷ ಬಯಸಿದ್ದು ಕೊನೆಗೂ ನನ್ನ ನೆಲದಲ್ಲಿ, ನನ್ನ ನೀರಿನಲ್ಲಿ ಬಂದಿತ್ತು.

ಸುಶೀಲ ತಿಪಟೂರಿನಲ್ಲಿ ತೀರಿಕೊಂಡು, ಆ ಶ್ರಾವಣಕ್ಕೆ ಹಿಂದಿನ ಮಾಗಿಗೇ ಒಂದು ವರ್ಷ ತುಂಬಿತ್ತು. ಅವಳಿದ್ದಿದ್ದರೆ ಮೊದಲ ಬಸ್ಸಿಗೇ ಹತ್ತಿ ಹೋಗುತ್ತಿದ್ದೆ. ಅವಳು ಬಾಗಿಲು ತೆರೆದು, ನನ್ನ ತಲೆಯನ್ನು ನೋಡಿ, ತುಟಿಯ ತುದಿಯನ್ನು ಇಳಿಸಿ, “ಅದು ನಮ್ ದಡದ್ದು ಕಣೇ ರತ್ನಿ, ಕದ್ಕಂಡ್ ಹೋಗಿದೀಯ,” ಎಂದು ಜಗಳಕ್ಕೆ ನಿಲ್ಲುತ್ತಿದ್ದಳು. ನಾನು ಹಿತ್ತಲಲ್ಲಿ ಕುಳಿತೇ ಇದ್ದೆ. ಗಾಳಿ ಬೀಸಿದಾಗ ಪರಿಮಳ ಕಾಂಪೌಂಡು ದಾಟಿ ರಸ್ತೆಗೆ ಹೋಯಿತು. ಜನ ಹಾಯ್ದು ಹೋಗುತ್ತಿದ್ದರು. ಯಾರ ಮುಖವೂ ಸಣ್ಣಗಾಗಲಿಲ್ಲ.